ಹಸಿರು ಗೋಡೆ, ಕಂದು ನಿಲುವಂಗಿ

ಇದು ನಡೆದ ಕಥೆ, ನಂಬಿ. ನಾನು ಸುಳ್ಳು ಹೇಳುವುದು ಬೇರೆಯವರ ದನಿಯಲ್ಲಿ ಮಾತ್ರ. ಇಲ್ಲಿ ಮಾತಾಡುತ್ತಿರುವುದು ನನ್ನ ಸ್ವಂತ ಗಂಟಲು.

ನೂರು ವರ್ಷ ಹಿಂದಿನ ಮನೆಯೊಂದರ ಸಿನಿಮಾ. ಮನೆ ಕಟ್ಟುವವನು ನಾನು, ಅದರೊಳಗಿನವರಿಗೆ ಬಟ್ಟೆ ತೊಡಿಸುವವಳು ಅವಳು. ಡೈರೆಕ್ಟರು ಒಪ್ಪಿದ್ದು ಎರಡೇ ಬಣ್ಣ, ಪಾಚಿಹಸಿರು ಮತ್ತು ಕಂದು. ಒಂದು ನಡುಮನೆಯ ಗೋಡೆಗೆ, ಇನ್ನೊಂದು ನಾಯಕಿಯ ನಿಲುವಂಗಿಗೆ. ಯಾವುದು ಯಾರಿಗೆಂದು ಇಬ್ಬರೂ ಮಾದರಿ ತುಂಡುಗಳನ್ನು ಒಂದೇ ಹಲಗೆಗೆ ಚುಚ್ಚಿ, ನೋಡಿ ನಿರ್ಧರಿಸಿ, ಆಮೇಲೆ ಕೆಲಸ ಶುರುಮಾಡಬೇಕು.

ಚುಚ್ಚುವ ದಿನ ನಾನು ಹಲಗೆಯ ಮುಂದೆ ನಿಂತು ಡೈರೆಕ್ಟರ ಮಿಮಿಕ್ರಿ ಮಾಡುತ್ತಿದ್ದೆ. ಅವಳು ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಂಡೇ ನಗುತ್ತಿದ್ದಳು. ಎಲ್ಲಿ ನುಂಗಿಬಿಡುತ್ತಾಳೋ ಎಂಬ ಭಯದಲ್ಲಿ ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. ಭಯದಿಂದಲೇ, ಬೇರೆ ಏನಿಲ್ಲ. ಒಟ್ಟಿನಲ್ಲಿ ಚುಚ್ಚುವುದನ್ನು ಇಬ್ಬರೂ ಮರೆತೆವು.

ಮೂರು ವಾರದ ಬಳಿಕ ಅವಳು ಸಿದ್ಧವಾದ ನಿಲುವಂಗಿಯನ್ನು ಮಗುವಿನಂತೆ ಎತ್ತಿಕೊಂಡು ಸೆಟ್ಟಿಗೆ ಬಂದು ನನ್ನ ಗೋಡೆಗೆ ಹಿಡಿದಳು. ಹಸಿರಿನಲ್ಲಿ ಹಸಿರು ಕರಗಿಹೋಯಿತು.

“ನನ್ನ ಹೀರೋಯಿನ್ ಎಲ್ಲಿ ಸರ್?”

“ತಲೆ ಕಾಣ್ಸುತ್ತಲ್ಲ ಮೇಡಂ.”

“ಬರೀ ತಲೆ ಓಡಾಡೋಕೆ ಇದೇನು ದೆವ್ವದ ಸಿನಿಮಾನಾ?”

ಅಷ್ಟರಲ್ಲಿ ಡೈರೆಕ್ಟರು ಬಂದರು. ಅವರು ನಕ್ಕದ್ದನ್ನು ಕಂಡವರು ಯೂನಿಟ್ಟಿನಲ್ಲಿ ಯಾರೂ ಇಲ್ಲ. “ನಾಳೆ ಹತ್ತಕ್ಕೆ ಕ್ಯಾಮೆರಾ ಟೆಸ್ಟ್. ಹುಡುಗಿ ಕಾಣ್ಲಿಲ್ಲ ಅಂದ್ರೆ ಕಾಸ್ಟ್ಯೂಮ್ ಬೇರೆಯವರಿಗೆ” ಎಂದು ಹೊರಟೇಹೋದರು. ಅದು ಅವಳು ಸ್ವತಂತ್ರವಾಗಿ ಮಾಡುತ್ತಿದ್ದ ಮೊದಲ ಸಿನಿಮಾ.

“ಗೋಡೆ ಬದಲಾಯಿಸಿ ಸರ್.”

“ನಾಲ್ಕು ಕೋಟ್ ಹೊಡೆಸಿದೀನಿ ಮೇಡಂ!”

“ನನ್ನ ಚಿಕ್ಕಮ್ಮ ಹದಿನೆಂಟು ದಿನ ಕೈಯಲ್ಲಿ ಹೊಲಿದಿದಾರೆ!”

ಮೂಗಿನ ತುದಿ ಕೆಂಪಾಗಿಸಿಕೊಂಡು ಹೊರಟಳು. ಆ ಕೆಂಪನ್ನು ಡೈರೆಕ್ಟರು ಒಪ್ಪಿದ್ದರೆ ಇಡೀ ಮನೆಗೆ ಬಳಿದುಬಿಡುತ್ತಿದ್ದೆ.

ಅವಳು ಅತ್ತ ಹೋದದ್ದೇ ತಡ, ಪೇಂಟರುಗಳನ್ನು ಕರೆದು ಗೋಡೆಗೆ ಕಂದು ಹೊಡೆಸಿದೆ. ಮೂರು ಗಂಟೆಗೆ ಮುಗಿಯಿತು. ಆದರೆ ಸೋತೆನೆಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಬೇರೆಯವರದ್ದು ಏಳುತ್ತದಲ್ಲ! ಆಫೀಸಿನ ಫೋನಿನಿಂದ ಅವಳ ಹೊಲಿಗೆ ಕೋಣೆಗೆ, ಡೈರೆಕ್ಟರ ದಪ್ಪ ದನಿಯಲ್ಲಿ ಮಾತಾಡಿದೆ.

“ಅಮ್ಮಾ, ಬಟ್ಟೆ ಮುಟ್ಬೇಡಿ. ಸೆಟ್‌ನವನು ಗೋಡೆಗೆ ಕಂದು ಹೊಡೆಸಿದಾನೆ.”

ಆ ಕಡೆ ಏನೋ ನೀರಿಗೆ ಬಿದ್ದ ಸದ್ದು. “ಅಯ್ಯೋ! ಅವರು ಯಾಕೆ ಸರ್ ಬಿಟ್ಕೊಟ್ರು?”

“ಒಳ್ಳೆ ಹುಡುಗ. ನೋಡೋಕೂ ಪರವಾಗಿಲ್ಲ.”

“ನೋಡೋಕೆ ಪರವಾಗಿಲ್ಲ ಸರ್, ಬಾಯಿ ಜಾಸ್ತಿ. ಊರವರ ಮಾತೆಲ್ಲ ಆಡ್ತಾರೆ, ತಮ್ಮ ಮನಸ್ಸಲ್ಲಿರೋದನ್ನ ಮಾತ್ರ ಆಡಲ್ಲ. ಏನದು ಅಂತ ನೀವೇ ಸ್ವಲ್ಪ ಕೇಳಿ ಹೇಳ್ತೀರಾ?”

ನನ್ನ ಎದೆ ಹೊಲಿಗೆ ಮೆಶಿನ್ನಿನಂತೆ ಓಡತೊಡಗಿತು.

“ಕೇಳಿದೀನಮ್ಮಾ. ನೀವಂದ್ರೆ ಅವನಿಗೆ ಪ್ರಾಣವಂತೆ. ಮದುವೆ ಆಗ್ತೀರಾ ಅಂತ ಕೇಳಿ ಅಂದ.”

ಆಮೇಲೆ ಆ ಕಡೆಯಿಂದ ಅದೇ ದಪ್ಪ ದನಿ ಕೇಳಿತು, ಅಸಲಿಯದ್ದು.

“ನಾನು ಯಾವಾಗ ಕೇಳಿದ್ನಯ್ಯಾ?”

ಬಟ್ಟೆ ನೋಡಲೆಂದು ಬಂದ ಡೈರೆಕ್ಟರು ಅವಳ ಎದುರೇ ಕೂತಿದ್ದರು. ಅವಳು ಮೊದಲ ಮಾತಿಗೇ ಸ್ಪೀಕರ್ ಹಾಕಿದ್ದಳು.

ಹೊಲಿಗೆ ಕೋಣೆಗೆ ಓಡಿದೆ. ಬಾಗಿಲಲ್ಲಿ ಎದುರಾದ ಡೈರೆಕ್ಟರು ಮುಖ ನೋಡದೆ “ನಾಳೆ ಹತ್ತು ಗಂಟೆ” ಎಂದಷ್ಟೇ ಹೇಳಿ ದಾಟಿದರು. ಒಳಗೆ ಅವಳ ಚಿಕ್ಕಮ್ಮ ಹಲ್ಲಿನಲ್ಲಿ ದಾರ ಕಡಿಯುತ್ತ, “ಬಾರಪ್ಪಾ ಎರಡನೇ ಡೈರೆಕ್ಟ್ರೇ” ಎಂದರು. ಹಗ್ಗದ ಮೇಲೆ ನಿಲುವಂಗಿ ತೊಟ್ಟಿಕ್ಕುತ್ತಿತ್ತು. ಕಂದು ಬಣ್ಣ!

“ನೀವು ಬಗ್ಗಲ್ಲ ಅಂದ್ಕೊಂಡು ನಾನೇ ಬಗ್ಗಿದೆ” ಎಂದಳು. ಮೊಣಕೈವರೆಗೂ ಕಂದು ಬಣ್ಣ, ಕಣ್ಣಂಚಿನಲ್ಲಿ ನೀರು.

ಬಟ್ಟೆ ಮತ್ತೆ ಹಸಿರಾಗದು, ಗೋಡೆ ಆದೀತು. ಕಂದಿನ ಮೇಲೆ ತೆಳ್ಳಗೆ ಹಸಿರು ಬಳಿದೆವು. ಒಣಗಿದ ಮೇಲೆ ನೋಡಿದರೆ ನಿನ್ನೆ ಗೃಹಪ್ರವೇಶವಾದ ಮನೆಯ ಹಾಗೆ ಥಳಥಳ! ಆಗ ಅವಳು ಹೊಸ ಬಟ್ಟೆಯನ್ನು ಹಳತು ಮಾಡುವ ತನ್ನ ತಂತಿಬ್ರಷ್ ತಂದು, ಗೋಡೆಗೆ ಭುಜ ಆನಿಸಿ ನಿಂತಳು.

“ಹೆಂಗಸ್ರು ಇಲ್ಲಿ ಒರಗಿರ್ತಾರೆ. ಇಲ್ಲಿ ಉಜ್ಜಿ.”

ಅವಳ ಭುಜ ಸರಿದ ಜಾಗದಲ್ಲಿ ಉಜ್ಜಿದೆ. ಹಸಿರು ಸವೆದು ಒಳಗಿನ ಕಂದು ಇಣುಕಿತು.

“ಮಕ್ಕಳು ಕೈ ಸವರ್ಕೊಂಡು ಓಡಿರ್ತಾರೆ. ಇಲ್ಲಿ, ಸೊಂಟದ ಎತ್ತರಕ್ಕೆ.”

ನೂರು ವರ್ಷದ ಸಂಸಾರವೊಂದನ್ನು ಇಬ್ಬರೂ ಸೇರಿ ಒಂದೇ ಸಂಜೆಯಲ್ಲಿ ಮಾಡಿ ಮುಗಿಸಿದೆವು.

“ಫೋನಲ್ಲಿ ಹೇಳಿದ್ದು...” ನನ್ನ ದನಿ ಕೀರಲಾಯಿತು. “ನಿಜ.”

“ಇದು ಯಾರ ಮಿಮಿಕ್ರಿ?”

“ನನ್ನದೇ. ಅಭ್ಯಾಸ ಕಮ್ಮಿ.”

ಅವಳು ನನ್ನ ಹುಬ್ಬಿಗೆ ಅಂಟಿದ್ದ ಬಣ್ಣದ ಚಕ್ಕೆಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ಚಕ್ಕೆ ಬಂದ ಮೇಲೂ ಬೆರಳು ಅಲ್ಲೇ ಸ್ವಲ್ಪ ಹೊತ್ತು ಇತ್ತು. “ಮೊದಲು ನನ್ನ ಕೆಲಸ ಉಳೀಲಿ. ಉತ್ತರ ಆಮೇಲೆ.”

ಬೆಳಿಗ್ಗೆ ಹತ್ತು. ಕಂದು ನಿಲುವಂಗಿಯ ನಾಯಕಿ ನಡುಮನೆಗೆ ಬಂದು, ಯಾರೂ ಹೇಳದೆಯೇ, ಗೋಡೆ ಸವೆದಿದ್ದ ಜಾಗಕ್ಕೇ ಒರಗಿದಳು. ಡೈರೆಕ್ಟರು ಮಾನಿಟರನ್ನು ದಿಟ್ಟಿಸಿದರು. ಪಕ್ಕದಲ್ಲಿ ಅವಳು ನನ್ನ ಅಂಗಿಯ ತೋಳನ್ನು ಮುದ್ದೆ ಮಾಡುತ್ತಿದ್ದಳು.

“ಕಾಣ್ತಾಳೆ” ಎಂದರು. “ಗೋಡೆಗೂ ವಯಸ್ಸಾಗಿದೆ. ಬಟ್ಟೆ, ಗೋಡೆ ಎರಡೂ ಹೀಗೇ ಇರ್ಲಿ. ನೀವಿಬ್ರೂ ಇರಿ.”

ಚಿಕ್ಕಮ್ಮ ಟ್ರಂಕಿನ ಮೇಲೆ ಕುಸಿದು ಕೂತರು. ಅವಳು ನನ್ನ ತೋಳು ಬಿಟ್ಟು ಕಣ್ಣೊರೆಸಿಕೊಂಡು ಹೊರಟಳು.

“ನಿಲ್ಲಮ್ಮಾ” ಎಂದರು ಡೈರೆಕ್ಟರು. “ಉತ್ತರ ಎಲ್ಲಿ?”

“ಯಾವ ಉತ್ತರ ಸರ್?”

“ನನ್ನ ದನಿಯಲ್ಲಿ ಮದುವೆ ಮಾತಾಡಿದಾನೆ ಇವನು. ಮನೇಲಿ ಹೆಂಡ್ತಿ ಕೇಳಿದ್ರೆ ನಾನೇನು ಹೇಳ್ಲಿ?”

ಅವಳು ನನ್ನನ್ನು ನೋಡಿದಳು, ಮೂಗಿನ ತುದಿ ಕೆಂಪಾಯಿತು. ಮತ್ತೆ ಡೈರೆಕ್ಟರತ್ತ ತಿರುಗಿ ಕೈಕಟ್ಟಿ ನಿಂತಳು.

“ಆಗ್ತೀನಿ ಸರ್. ನಿಮ್ಮನ್ನಲ್ಲ.”

ಮೊದಲು ಚಿಕ್ಕಮ್ಮ ಕಿಸಕ್ಕೆಂದರು, ಆಮೇಲೆ ಲೈಟ್‌ನವರು, ಆಮೇಲೆ ನಾಯಕಿ. ಅಷ್ಟರಲ್ಲಿ ಕುರ್ಚಿಯ ಕೈ ಹಿಡಿದುಕೊಂಡು, ಹೊಟ್ಟೆ ಕುಲುಕಿಸುತ್ತ, ಕಣ್ಣೀರು ಸುರಿಸುತ್ತ, ಹೆಡ್‌ಫೋನ್ ಹಾಕಿದ್ದ ಸೌಂಡ್‌ನವನು ಅದನ್ನು ಕಿತ್ತೆಸೆಯುವಷ್ಟು ಜೋರಾಗಿ ಡೈರೆಕ್ಟರು ನಕ್ಕರು.