ಗೌರಕ್ಕನ ಮರಗದ ಗಿಡ

“ಸಾತಿ, ನಿಮ್ಮ ವೈನಿ ನೀರಿಗೆ ಹೋಗ್ಯಾಳ. ಆಕಿ ಬರೂದರಾಗ ಇದನ್ನ ತಿಪ್ಪಿಗೆ ಒಗದ ಬಾ.”

ಅವ್ವ ಮರಗದ ಗಿಡವಿದ್ದ ಗಡಿಗೆಯನ್ನು ಸಾತಿಯ ಕೈಗೆ ಕೊಟ್ಟೇಬಿಟ್ಟಳು. ಸಾತಿ ಆಗತಾನೇ ಶಾಲೆಯಿಂದ ಬಂದಿದ್ದಳು. ಪಾಟಿಚೀಲ ಇನ್ನೂ ಹೆಗಲಲ್ಲೇ ಇತ್ತು.

“ಯಾಕವ್ವಾ? ಇದು ವೈನಿದು!”

“ಯಾರದರ ಇರಲಿ. ಮೈತುಂಬ ಜ್ಯಾಡರ ಬಲಿ ಕಟ್ಟೇತಿ, ನೋಡಲ್ಲೆ. ನಾಳೆ ನನ್ನ ಅವರಿ ಬಳ್ಳಿಗೂ ಹತ್ತಿದ್ರ? ಹೋಗ, ಹೋಗ.”

ಅವ್ವನ ಎದುರು ಮಾತಾಡುವ ಧೈರ್ಯ ಸಾತಿಗಿರಲಿಲ್ಲ. ಗಡಿಗೆಯನ್ನು ಎದೆಗವಚಿಕೊಂಡು ಹೊರಟಳು.

ವೈನಿ ಎಂದರೆ ಗೌರಕ್ಕ, ಸಾತಿಯ ಅಣ್ಣ ಶಿದ್ರಾಮನ ಹೆಂಡತಿ. ಅಣ್ಣ ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮನೆಯೂ ಅಲ್ಲೇ, ಸಾಲು ಚಾಳಿನಲ್ಲಿ. ಗೌರಕ್ಕ ಮಮದಾಪುರದ ಒಕ್ಕಲುತನದ ಮನೆಯವಳು. ಮದುವೆಯಾಗಿ ಬರುವಾಗ ಚಕ್ಕಡಿಯಲ್ಲಿ ದಾರಿಯುದ್ದಕ್ಕೂ ಈ ಗಿಡವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳು.

ಬಂದ ಹೊಸದರಲ್ಲಿ ಮಿಲ್ಲಿನ ಭೋಂಗಾ ಕೂಗಿದರೆ ಸಾಕು, ಬೆಚ್ಚಿಬೀಳುತ್ತಿದ್ದಳು. ಈಗಲೂ ಮಾತು ಕಡಿಮೆ. ಬೆಳಗ್ಗೆ ಎದ್ದವಳೇ ಮರಗದ ಎಲೆಗಳನ್ನು ಮೆಲ್ಲಗೆ ಸವರಿ, ಬೆರಳನ್ನು ಮೂಗಿಗೆ ಹಿಡಿಯುತ್ತಿದ್ದಳು. ಆಮೇಲೆಯೇ ಒಲೆ, ರೊಟ್ಟಿ, ಎಲ್ಲ.

ತಿಪ್ಪೆಯ ಹತ್ತಿರ ಬಂದರೂ ಸಾತಿಗೆ ಕೈ ಬರಲಿಲ್ಲ. ಪಕ್ಕದ ಬೇವಿನ ಮರದ ಕೆಳಗೆ ಕೂತಳು. ಗಿಡದ ಎಲೆಗಳೆಲ್ಲ ಬಿಳಿಚಿಕೊಂಡಿದ್ದವು. ಯಾರೋ ಸೂಜಿಯಿಂದ ಚುಚ್ಚಿ ಚುಚ್ಚಿ ಇಟ್ಟಂತೆ ಚುಕ್ಕಿಗಳು. ತುದಿಗಳಲ್ಲಿ ತೆಳ್ಳನೆಯ ಬಲೆ. ಆದರೆ ಎಷ್ಟು ಹುಡುಕಿದರೂ ಒಂದು ಜೇಡವೂ ಕಾಣಲಿಲ್ಲ.

ಸಾತಿ ಚೀಲದಿಂದ ಪಾಟಿ ತೆಗೆದು ಗಿಡದ ಕೆಳಗೆ ಹಿಡಿದಳು. ಒಂದು ಟೊಂಗೆಯನ್ನು ತಟ್ಟಿದಳು. ಕರಿ ಪಾಟಿಯ ಮೇಲೆ ಬಳಪದ ಪುಡಿಯಂಥದೇನೋ ಉದುರಿತು. ಊದಬೇಕೆಂದು ಬಾಯಿ ಹತ್ತಿರ ತಂದಳು.

ಪುಡಿ ನಡೆಯತೊಡಗಿತು!

“ಅಯ್ಯ ಶಿವನಽ! ಜೀವ ಅದಾವ ಇವು!”

ಜೋಳದಲ್ಲಿ ಬೀಳುವ ನುಸಿಗಿಂತಲೂ ಸಣ್ಣವು. ಬಲೆ ನೇಯ್ದದ್ದು ಜೇಡವಲ್ಲ, ಇವೇ! ಬೆರಳಿನಿಂದ ಒರೆಸಿದಳು. ಪಾಟಿಯ ಮೇಲೆ ಕೆಂಪನೆಯ ಗೆರೆ ಮೂಡಿತು.

ಆಗ ಸಾತಿಗೆ ಇನ್ನೊಂದು ನೆನಪಾಯಿತು. ಈ ಗಿಡ ಮೊದಲು ಹಿತ್ತಲ ಬಚ್ಚಲ ಹತ್ತಿರ ತಂಪಿನಲ್ಲಿತ್ತು. ಗೆಳತಿಯರಿಗೆ ತೋರಿಸಬೇಕೆಂದು ಮುಂಬಾಗಿಲ ಗೋಡೆಯ ಬದಿಗೆ ತಂದಿಟ್ಟವಳು ಅವಳೇ. ಅಲ್ಲಿ ಮಧ್ಯಾಹ್ನದ ಬಿಸಿಲಿಗೆ ಗೋಡೆ ಕಾದ ಹಂಚಾಗುತ್ತಿತ್ತು. ಚಕ್ಕಡಿಗಳ ಧೂಳೆಲ್ಲ ಬಂದು ಎಲೆಗಳ ಮೇಲೇ ಕೂರುತ್ತಿತ್ತು. ವೈನಿ ಬೇಡ ಎಂದಿರಲಿಲ್ಲ. ವೈನಿ ಯಾವುದಕ್ಕೂ ಬೇಡ ಎನ್ನುತ್ತಿರಲಿಲ್ಲ.

ಸಾತಿ ಗಡಿಗೆಯನ್ನು ಹಿತ್ತಲ ಕಟ್ಟಿಗೆಯ ರಾಶಿಯ ಹಿಂದೆ ಅಡಗಿಸಿಟ್ಟು, ಏನೂ ಅರಿಯದವಳಂತೆ ಒಳಗೆ ಬಂದಳು.

ಗೌರಕ್ಕ ಕೊಡ ಹೊತ್ತು ಬಂದಳು. ಗೋಡೆಯ ಬದಿಗೆ ನೋಡಿದಳು. ಕೊಡದ ನೀರು ತುಳುಕಿ ಮುಖದ ಮೇಲೆ ಇಳಿಯಿತು. ಅದನ್ನು ಒರೆಸಿಕೊಳ್ಳದೆ ಒಂದು ಗಳಿಗೆ ನಿಂತಳು. “ಗಿಡ ಎಲ್ಲಿ?” ಎಂದು ಕೇಳಲಿಲ್ಲ. ಒಳಗೆ ಹೋಗಿ ಕೊಡ ಇಳಿಸಿ, ರೊಟ್ಟಿ ಬಡಿಯಲು ಕೂತಳು.

ಸಾತಿ ರೊಟ್ಟಿಯನ್ನು ಮುರಿದು ಮುರಿದು ತಾಟಿನಲ್ಲೇ ಇಟ್ಟಳು. ತನ್ನ ಗಜ್ಜುಗದ ಕಾಯೊಂದು ಕಳೆದರೂ ಅವಳು ಮನೆಯೆಲ್ಲ ಒಂದು ಮಾಡುತ್ತಿದ್ದಳು. ವೈನಿ ಯಾಕೆ ಬಾಯೇ ತೆರೆಯುತ್ತಿಲ್ಲ?

ಅವ್ವ ಪಕ್ಕದ ಮನೆಗೆ ಹೋದದ್ದೇ ತಡ, ವೈನಿಯ ಸೆರಗು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

“ಒಗದಿಲ್ಲಾ?” ಗಡಿಗೆ ನೋಡಿ ಗೌರಕ್ಕನ ಕಣ್ಣು ತುಂಬಿತು.

“ಇಲ್ರಿ ವೈನಿ. ಆದ್ರ ಇದಕ್ಕ ನುಸಿ ಹತ್ತೇತಿ. ನಾನಽ ಬಿಸಲಿಗೆ ತಂದಿಟ್ಟಿನ್ರಿ...” ಸಾತಿಯ ದನಿ ಸಣ್ಣದಾಯಿತು.

“ನನಗೂ ತಿಳೀಲಿಲ್ಲ ಬಿಡ. ನೀರ ಕಡಿಮಿ ಆಗೇತಿ ಅಂತ ಬರೇ ನೀರ ಹಾಕ್ಕೋತ ಕುಂತೆ.”

ಇಬ್ಬರೂ ಸೇರಿ ಅಂಟವಾಳದ ಕಾಯಿ ನೆನೆಹಾಕಿದರು. ಚೆನ್ನಾಗಿ ಕಿವುಚಿ, ನೊರೆನೀರಿನಿಂದ ಗಿಡಕ್ಕೆ ಸ್ನಾನ ಮಾಡಿಸಿದರು. ಬಲೆಯೆಲ್ಲ ತೊಳೆದುಹೋಯಿತು. “ಎಣ್ಣಿ ಹಚ್ಚಿ ಎರದ ಕೂಸಿನಂಗ ಕಾಣತೈತ್ರಿ!” ಎಂದು ಸಾತಿ ಚಪ್ಪಾಳೆ ತಟ್ಟಿದಳು. ಗೌರಕ್ಕ ನಗುತ್ತ ಗಡಿಗೆಯನ್ನು ಮತ್ತೆ ಕಟ್ಟಿಗೆಯ ರಾಶಿಯ ಹಿಂದೆ ಸರಿಸಿಟ್ಟಳು.

ಆದರೆ ವಾರ ಕಳೆಯುವುದರೊಳಗೆ ಬಲೆ ಮತ್ತೆ ಬಂತು. ಸಾತಿಗೆ ಅಳುವೇ ಬಂತು. ಒಂದು ಎಲೆಯನ್ನು ಹಿಂದುಮುಂದು ಮಾಡಿ ನೋಡಿದಳು.

“ವೈನೀ, ಇಲ್ಲಿ ನೋಡ್ರಿ! ಎಲಿ ತಳಗ ಕುಂತಾವು. ನಾವು ಬರೇ ಮ್ಯಾಲಿಂದಽ ತೊಳದ್ವಿ!”

ಗೌರಕ್ಕ ಗಿಡವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋಗಿ ಕತ್ತರಿ ತಂದಳು.

“ಎಲ್ಲಾ ಕತ್ತರಸ್ತೀರೇನ್ರಿ?”

“ಹ್ಞೂಂ. ಎಲಿ ಮ್ಯಾಲ ಆಸೆ ಇಟ್ಟರ ಬುಡಾನೂ ಹೋಗತೈತಿ.”

ಹೇಳಿದಳೇ ಹೊರತು, ಕತ್ತರಿಸುವ ಮೊದಲು ಒಂದು ಎಲೆಯನ್ನು ಸವರಿ ಬೆರಳನ್ನು ಮೂಗಿಗೆ ಹಿಡಿದಳು. “ನಮ್ಮವ್ವ ಹೊಲಕ್ಕ ಹೋಗೂಮುಂದ ಇದರ ಎಸಳು ಸೆರಗಿಗೆ ಕಟಗೊಂತಿದ್ಲು, ಸಾತಿ. ಸಂಜಿಕ ಬಂದು ನನ್ನ ಎತ್ತಿಕೊಂಡ್ರ ಇದಽ ವಾಸನಿ.” ಕಚ್, ಕಚ್ ಎಂದು ಟೊಂಗೆಗಳು ಬಿದ್ದವು. ಗಡಿಗೆಯಲ್ಲಿ ಗೇಣುದ್ದದ ಕಡ್ಡಿಗಳಷ್ಟೇ ಉಳಿದವು. ಅವನ್ನೂ ಕೆಳಗೆ, ಮೇಲೆ, ಸಂದಿಗೊಂದಿ ಬಿಡದೆ ನೊರೆನೀರಿನಿಂದ ಒರೆಸಿದರು.

ಕತ್ತರಿಸಿದ ಟೊಂಗೆಗಳನ್ನು ಒಲೆಗೆ ಹಾಕುವಾಗ ಅವ್ವ ಬಂದಳು.

“ಇನ್ನೂ ಒಗದಿಲ್ಲೇನ ಅದನ್ನ?”

ಸಾತಿ ವೈನಿಯ ಮುಂದೆ ಬಂದು ನಿಂತಳು. “ಅವ್ವಾ, ನಿನ್ನ ಬಳ್ಳಿಗೆ ಹತ್ತಂಗಿಲ್ಲ! ಎಲ್ಲಾ ಕತ್ತರಿಸಿ ಸುಡಾಕತ್ತೇವಿ!”

ಅವ್ವ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹೊಗೆಯ ಜೊತೆ ಮರಗದ ಘಮ ಮನೆಯನ್ನೆಲ್ಲ ತುಂಬಿತು. ಅವ್ವ ಹಾಗೆಯೇ ನಿಂತುಬಿಟ್ಟಳು.

“ನಿಡಸೋಸ್ಯಾಗ ನಮ್ಮ ತವರಮನಿ ಹಿತ್ತಲದಾಗೂ ಇತ್ತು ಇದು,” ಎಂದಳು ಮೆಲ್ಲಗೆ.

“ನಿಮ್ಮವ್ವ ಹಚ್ಚಿದ್ರೇನ್ರಿ ಅತ್ತಿ?” ಗೌರಕ್ಕ ತಾನಾಗಿಯೇ ಅತ್ತೆಗೆ ಒಂದು ಮಾತು ಕೇಳಿದ್ದು ಅದೇ ಮೊದಲು.

“ಹ್ಞೂಂ. ಲಗ್ನ ಆಗಿ ಬರೂಮುಂದ ಒಂದ ಟೊಂಗಿ ತರಬೇಕಂದಿದ್ದೆ. ಗದ್ದಲದಾಗ ಮರತ ಬಂದೆ.” ಅವ್ವ ಒಲೆಯ ಮುಂದೆ ಕೂತು ಉಳಿದ ಟೊಂಗೆಗಳನ್ನು ಒಳಗೆ ತಳ್ಳಿದಳು. ಆಮೇಲೆ ಸೆರಗು ಕೊಡವಿಕೊಂಡು ಎದ್ದಳು. “ಗಡಗಿ ನನ್ನ ಬಳ್ಳಿಯಿಂದ ದೂರ ಇಡ್ರಿ ಮತ್ತ!”

ಗಡಿಗೆ ಬಚ್ಚಲ ಹತ್ತಿರದ ತನ್ನ ತಂಪು ಜಾಗಕ್ಕೆ ಮರಳಿತು. ಸಾತಿ ದಿನವೂ ಕಡ್ಡಿಗಳನ್ನು ಬಗ್ಗಿ ಬಗ್ಗಿ ನೋಡಿದಳು. ಬೋಳಾಗಿಯೇ ಇದ್ದವು. ಒಂದು ದಿನ ಸಾಸಿವೆಯಷ್ಟು ಹಸಿರು ಕಂಡಿತು. ಮೃಗಶಿರದ ಮಳೆ ಬೀಳುವ ಹೊತ್ತಿಗೆ ಗಿಡ ಮೈತುಂಬ ಚಿಗುರಿ ನಿಂತಿತ್ತು. ಎಲೆ ತಿರುವಿ ನೋಡಿದರೂ ಒಂದೂ ಚುಕ್ಕಿ ಇರಲಿಲ್ಲ.

ಒಂದು ಬೆಳಗ್ಗೆ ಸಾತಿ ಇದ್ದಲಿನಿಂದ ಹಲ್ಲುಜ್ಜುತ್ತ ಹಿತ್ತಲಲ್ಲಿ ಕೂತಿದ್ದಳು. ಅವ್ವ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಗಿಡದ ಮುಂದೆ ನಿಂತಳು. ಬಗ್ಗಿ ಮೂಸಿದಳು. ಕೈ ಮುಂದೆ ಮಾಡಿದಳು. ಮತ್ತೆ ಹಿಂದೆ ತೆಗೆದುಕೊಂಡಳು.

“ಗೌರಕ್ಕಾ, ಲಿಂಗಪೂಜಿಗೆ ಒಂದ ಎಸಳ ಕೊಡ್ತೀ ಏನವಾ?”

ಗೌರಕ್ಕ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಕೈ ತೊಳೆದುಕೊಂಡು, ಎಲ್ಲಕ್ಕಿಂತ ಎಳೆಯ ಕುಡಿಯನ್ನು ಹುಡುಕಿ ಚಿವುಟಿ, ಅತ್ತೆಯ ಬೊಗಸೆಯಲ್ಲಿ ಇಟ್ಟಳು.

ಸಾತಿ ಹಲ್ಲುಜ್ಜುವುದನ್ನು ಮರೆತು ನೋಡುತ್ತಿದ್ದಳು. ಈ ಮನೆಯಲ್ಲಿ ಅವ್ವ ಏನನ್ನಾದರೂ ಕೇಳಿ ತೆಗೆದುಕೊಂಡದ್ದನ್ನು ಅವಳು ಕಂಡೇ ಇರಲಿಲ್ಲ.

ಮುಖ ತೊಳೆದು, ಜಡೆ ಹಾಕಿಕೊಂಡು ಮತ್ತೆ ಹಿತ್ತಲಿಗೆ ಬಂದಳು. ಇವತ್ತು ಶಾಲೆಗೆ ಮರಗ ಮುಡಿದು ಹೋಗಬೇಕೆಂಬ ಆಸೆ. ಕೈ ಆಗಲೇ ಒಂದು ಕುಡಿಯನ್ನು ಹಿಡಿದಿತ್ತು.

ಬಿಟ್ಟಳು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಲ್ಲುವವರೆಗೆ ಅಡಿಗೆಮನೆಯ ಹೊಸ್ತಿಲ ಬಳಿ ಕಾದು ನಿಂತಳು.

“ವೈನೀ,” ಎಂದಳು, “ನನಗೂ ಒಂದ ಎಸಳ ಕೊಡ್ತೀರೇನ್ರಿ?”