ಆರು ಅಂಕಿಗಳ ಸುತ್ತು

“ಜುಲೇಖಾ, ಉತ್ತರ ಅದಾವು. ಲೆಕ್ಕ ಎಲ್ಲಿ?”

ಇಂದ್ರಾಬಾಯಿ ಅಕ್ಕೋರು ಅವಳ ಪಾಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ೧೪೨೮೫೭ನ್ನು ಎರಡರಿಂದ ಆರರವರೆಗೆ ಒಂದೊಂದರಿಂದ ಗುಣಿಸಲು ಅವರು ಐದನೆಯ ತರಗತಿಗೆ ಹೇಳಿದ್ದರು. ಜುಲೇಖಾ ಎರಡು ಲೆಕ್ಕ ಮಾತ್ರ ಬಿಡಿಸಿದ್ದಳು. ಉಳಿದ ಮೂರಕ್ಕೆ ಬರೀ ಉತ್ತರ.

ಪಕ್ಕದಲ್ಲಿದ್ದ ಶಿವಬಸವ್ವನ ಪಾಟಿ ಎರಡೂ ಬದಿ ತುಂಬಿತ್ತು. ಉತ್ತರಗಳು ಮಾತ್ರ ಇಬ್ಬರದೂ ಒಂದೇ.

“ಶಿವಬಸವ್ವಾ, ನೀ ತೋರಿಸಿದಿ ಏನು?”

“ಇಲ್ರೀ ಅಕ್ಕೋರ! ಖರೇನ ಇಲ್ರೀ!” ಅವಳ ಕಣ್ಣು ತುಂಬಿ ಬಂದವು. ಗೆಳತಿಯಿಂದ ದೂರ ಸರಿದು ಕೂತಳು.

“ನಾ ಕಾಪಿ ಹೊಡದಿಲ್ರಿ,” ಎಂದಳು ಜುಲೇಖಾ. “ಆ ನಂಬರ್ ತಾನ ಉತ್ತರ ಹೇಳ್ತೈತ್ರಿ.”

ಹುಡುಗರು ಹೋ ಎಂದು ನಕ್ಕರು. ಆ ನಗುವಿನಲ್ಲಿ ಹೊರಗಿನ ಓಣಿಯ ಮಗ್ಗಗಳ ಸದ್ದೂ ಒಂದು ಗಳಿಗೆ ಕೇಳಿಸಲಿಲ್ಲ.

“ಹಂಗಾರ ಬಾ. ಬೋರ್ಡಿನ ಮ್ಯಾಲೆ ತೋರಿಸು.”

ಜುಲೇಖಾ ಒಂದು ರಿಂಗ್ ಬರೆದು, ಸುತ್ತಲೂ ಆರು ಅಂಕಿಗಳನ್ನು ಕೂರಿಸಿದಳು: ೧, ೪, ೨, ೮, ೫, ೭.

“ನಾಕರಿಂದ ಗುಣಿಸೋಣ್ರಿ. ನಂಬರಿನ ಕಡೀ ಅಂಕಿ ಏಳು. ಏಳ್ ನಾಕಲೆ ಇಪ್ಪತ್ತೆಂಟು. ಉತ್ತರ ಎಂಟಕ್ಕ ಮುಗೀಬೇಕು. ಅದಕ್ಕ ಎಂಟರ ಮುಂದಿನ ಅಂಕಿಯಿಂದ ಒಂದ್ ಸುತ್ತ ಬರ್ರಿ.”

ಬೆರಳು ರಿಂಗಿನ ಸುತ್ತ ಓಡಿತು. ಐದು, ಏಳು, ಒಂದು, ನಾಕು, ಎರಡು, ಎಂಟು. ೫೭೧೪೨೮.

ಅಕ್ಕೋರು ತಾವೇ ಸೀಮೆಸುಣ್ಣ ತೆಗೆದುಕೊಂಡು ಗುಣಿಸಿದರು. ಅದೇ ಬಂತು. ಐದರಿಂದ ಗುಣಿಸಿದರು. ಏಳ್ ಐದಲೆ ಮೂವತ್ತೈದು, ಐದರ ಮುಂದಿನಿಂದ ಒಂದು ಸುತ್ತು. ಸರಿಯಾಗಿ ೭೧೪೨೮೫.

“ಹಳೇ ಪುಸ್ತಕದಾಗ ಇತ್ತಂತ ಕೊಟ್ಟಿದ್ದೆ. ಇದು ನನಗೂ ಗೊತ್ತಿದ್ದಿಲ್ಲವ್ವಾ!”

ಜುಲೇಖಾ ಉಬ್ಬಿಹೋದಳು. “ಯಾವುದರಿಂದ ಗುಣಿಸಿದ್ರೂ ಹಿಂಗ ಬರ್ತೈತ್ರಿ!”

“ಏಳರಿಂದ?” ಹಿಂದಿನಿಂದ ಹುಲ್ಲಪ್ಪ ಕೂಗಿದ.

“ಏಳ್ ಏಳಲೆ ನಲವತ್ತೊಂಬತ್ತು. ಒಂಬತ್ತರ ಮುಂದ…”

ಬೆರಳು ನಿಂತಿತು. ರಿಂಗಿನಲ್ಲಿ ಒಂಬತ್ತೇ ಇರಲಿಲ್ಲ. ಇನ್ನೊಂದು ಸಲ ಹುಡುಕಿದಳು. ಯಾರೋ ಕಿಸಕ್ಕನೆ ನಕ್ಕರು.

ಅವಳು ಶಿವಬಸವ್ವನ ಕಡೆ ನೋಡಿದಳು. “ಶಿವಾ, ನೀ ಬಂದು ಮಾಡ. ನನಗ ತಿಳೀವಲ್ದು.”

ಶಿವಬಸವ್ವ ಕಣ್ಣೊರೆಸಿಕೊಂಡು ಎದ್ದು ಬಂದಳು. ಎಂದಿನಂತೆ ನಿಧಾನವಾಗಿ ಬಿಡಿಸತೊಡಗಿದಳು.

“ಒಂಬತ್ತು, ಕೈಯಾಗ ನಾಕು. ಏಳ್ ಐದಲೆ ಮೂವತ್ತೈದು, ನಾಕು ಕೂಡಿಸಿದ್ರ ಮೂವತ್ತೊಂಬತ್ತು. ಮತ್ತ ಒಂಬತ್ತು, ಕೈಯಾಗ ಮೂರು…”

ಮೂರನೆಯದೂ ಒಂಬತ್ತು. ನಾಲ್ಕನೆಯದೂ! ನಗು ನಿಂತಿತು. ಮಕ್ಕಳು ಮೊಣಕಾಲ ಮೇಲೆದ್ದು ನೋಡತೊಡಗಿದರು.

೯೯೯೯೯೯.

“ಎಲ್ಲಾ ಒಂಬತ್ತ!” ಹುಲ್ಲಪ್ಪ ಜೋರಾಗಿ ಚಪ್ಪಾಳೆ ತಟ್ಟಿದ.

“ತಪ್ಪು ತಿಳಕೊಂಡಾಕಿ ನಾನ,” ಎಂದು ಅಕ್ಕೋರು ಇಬ್ಬರ ಬೆನ್ನ ಮೇಲೂ ಕೈಯಿಟ್ಟರು. “ಕೂಡ್ರಿ ಇಬ್ರೂ.”

ಈ ಸಲ ಶಿವಬಸವ್ವ ದೂರ ಸರಿಯಲಿಲ್ಲ.

ಸಾಲಿ ಬಿಟ್ಟ ಮೇಲೆ ಇಬ್ಬರೂ ಕೆಂಪು ಕಲ್ಲಿನ ಮೆಟ್ಟಿಲ ಮೇಲೆ ಕೂತರು.

“ಎಂಟರಿಂದ ಮಾಡೋಣೇನ?” ಶಿವಬಸವ್ವ ಕೇಳಿದಳು.

ಏಳ್ ಎಂಟಲೆ ಐವತ್ತಾರು. ರಿಂಗಿನಲ್ಲಿ ಆರರ ಅಂಕಿಯೂ ಇಲ್ಲ. ಇದೂ ಸುತ್ತಿನಲ್ಲಿ ಬರುವುದಿಲ್ಲ ಎಂದು ಜುಲೇಖಾಳಿಗೆ ಆಗಲೇ ಹೊಳೆದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಆದರೂ ಅವಳು ಪಾಟಿ ಅಲುಗದಂತೆ ಹಿಡಿದುಕೊಂಡು, ಗೆಳತಿ ಒಂದೊಂದೇ ಅಂಕಿ ಬರೆಯುವುದನ್ನು ನೋಡುತ್ತ ಕೂತಳು.