ಬಾಲಚುಕ್ಕಿ ಮರೆಯಾಗುವವರೆಗೆ

೧೯೯೭ರ ಯುಗಾದಿ ಕಳೆದ ಮೂರನೇ ದಿನ, ದೀಪ ಹಚ್ಚುವ ಹೊತ್ತು. ಕುಂಬಾರಕೊಪ್ಪಲಿನ ಮನೆಗೆ ಸುಷ್ಮಾಳನ್ನು ನೋಡಲು ಮಹಾಂತೇಶ್ ತಾಯಿಯೊಡನೆ ಬಂದ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು.

ಸುಷ್ಮಾ ಕಾಫಿ ಲೋಟ ಕೊಡುವಾಗ ಅವನು ತಲೆಯೆತ್ತಿದ. ಇವರೇ ನನ್ನವರು, ಅನ್ನಿಸಿತು ಅವಳಿಗೆ.

ಎರಡೂ ಕಡೆಯವರು ಒಪ್ಪಿದರು. ಸುಷ್ಮಾಳ ಅಜ್ಜಿ ಪುಟ್ಟಲಿಂಗಮ್ಮ ಮಾತ್ರ ಬಾಗಿಲಾಚೆ ವಾಯವ್ಯಕ್ಕೆ ಕೈ ತೋರಿಸಿದರು. ಬಾಲಚುಕ್ಕಿ ಕಾಣುವಷ್ಟು ದಿನ ವೀಳ್ಯ ಬದಲಾಯಿಸುವಂತಿಲ್ಲ. ಎಪ್ಪತ್ತನೇ ಇಸವಿಯಲ್ಲಿ ಅಂಥದೇ ಚುಕ್ಕಿ ಇದ್ದಾಗ ಮಗಳ ಮದುವೆಗೆ ಮಾತು ಕೊಟ್ಟಿದ್ದರು. ಆರೇ ತಿಂಗಳಿಗೆ ಅವಳು ಗಂಡನನ್ನು ಕಳೆದುಕೊಂಡು ಮನೆಗೆ ಬಂದಳು.

ಅವರು ಹೊರಡುವಾಗ ಸುಷ್ಮಾ ಗೇಟಿನ ಬಳಿ ಮಹಾಂತೇಶನನ್ನು ಮೆಲ್ಲಗೆ ಕೇಳಿದಳು, "ಅದು ಯಾವಾಗ ಹೋಗುತ್ತೆ?"

"ಅದು ಧೂಳು ಸೇರಿದ ಮಂಜುಗಡ್ಡೆ ಕಣ್ರೀ. ಸೂರ್ಯನ ಹತ್ರ ಬಂದ್ರೆ ಕಾಯ್ದು ಆವಿ, ಧೂಳು ಚಿಮ್ಮುತ್ತೆ, ಅದರ ಮೇಲೆ ಬಿಸಿಲು ಬಿದ್ದು ಹೊಳೆಯುತ್ತೆ. ಈಗ ದೂರ ಹೋಗ್ತಿದೆ, ಮಂಕಾಗುತ್ತೆ. ದಿನ ಮಾತ್ರ ಹೇಳಕ್ಕಾಗಲ್ಲ. ಒಳಗಿನ ಮಂಜು ಬಿರಿದ್ರೆ ಒಂದೊಂದ್ಸಲ ಇದ್ದಕ್ಕಿದ್ದಂಗೆ ಬೆಳಗಿಬುಡುತ್ತೆ."

ಮೇ ಕೊನೆಗೆ ಬೀದಿಯಲ್ಲಿ ಯಾರಿಗೂ ಅದು ಕಾಣಲಿಲ್ಲ. ಅಜ್ಜಿಗೆ ಮಾತ್ರ ಕಾಣುತ್ತಲೇ ಇತ್ತು.

ಸುಷ್ಮಾ ಮಹಾಂತೇಶನಿಗೆ ಹೇಳಿ ಕಳಿಸಿದಳು. ಬಂದಾಗ, ಚುಕ್ಕಿ ಹೋಯಿತೆಂದು ಅಜ್ಜಿಗೆ ಒಂದು ಮಾತು ಹೇಳಿಬಿಡಿ ಎಂದು ಬೇಡಿಕೊಂಡಳು.

ಅವನು ಅಜ್ಜಿಯ ಪಕ್ಕ ನಿಂತು ಅವರ ಬೆರಳಿನ ನೇರಕ್ಕೆ ನೋಡಿದ. ಬೀದಿ ಕೊನೆಯ ಕಂಬದ ದೀಪ! ಅಜ್ಜಿಯ ಕಣ್ಣಲ್ಲಿ ಪೊರೆ ಬೆಳೆದಿತ್ತು. ದೀಪದ ಬೆಳಕು ಅವರಿಗೆ ಕೆದರಿ, ಬಾಲದಂತೆ ಕಾಣುತ್ತಿತ್ತು.

ಅವನು ಏನೂ ಹೇಳದೆ ಹೊರಟುಹೋದ.

ಒಂದು ಸುಳ್ಳು ಹೇಳುವಷ್ಟೂ ನಾನು ಬೇಡವಾದೆನೇ... ಸುಷ್ಮಾ ಅನ್ನ ಬಿಟ್ಟಳು.

ಎಂಟನೇ ದಿನ ಮಹಾಂತೇಶ್ ಆಟೋ ತಂದ. ಕಣ್ಣಿನ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿಕೊಂಡೇ ಬಂದಿದ್ದ. ಅಜ್ಜಿಯ ಪೊರೆ ತೆಗೆಸಿದರು.

ಪಟ್ಟಿ ಬಿಚ್ಚಿದ ಸಂಜೆ ಅಜ್ಜಿ ಮಹಾಂತೇಶನ ಜೊತೆ ಜಗಲಿಯಲ್ಲಿ ಕೂತು ಆ ಬೆಳಕನ್ನೇ ಬಹಳ ಹೊತ್ತು ನೋಡಿದರು.

"ಕಂಬದ್ ದೀಪ ಕಣಪ್ಪ ಇದು." ಆಮೇಲೆ ತಡೆದು, "ಹಂಗಾರೆ ನನ್ ಮಗಳಿಗೆ ಆಗಿದ್ದು... ನಾನು ಮಾತು ಕೊಟ್ಟಿದ್ದಕ್ಕಲ್ವಾ?"

"ಅಲ್ಲ ಕಣಜ್ಜಿ. ಆ ಚುಕ್ಕೀನೂ ಬರೀ ಮಂಜು, ಧೂಳು."

ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ಅಜ್ಜಿ ಮಗಳ ಹೆಸರು ಹಿಡಿದು ಅತ್ತರು. ಅತ್ತು ಮುಗಿದ ಮೇಲೆ ವೀಳ್ಯದ ತಟ್ಟೆ ತರಲು ಹೇಳಿದರು.

ಒಳಗೆ ಸುಷ್ಮಾ ಅವನನ್ನು ತಡೆದಳು. "ಅವತ್ತೇ ಹೇಳಬಹುದಿತ್ತಲ್ಲ? ಎಂಟು ದಿನ ಅತ್ತಿದ್ದೀನಿ."

"ಹೋಯ್ತು ಅಂದಿದ್ರೂ ಅವರಿಗೆ ಕಾಣ್ತಾನೇ ಇರ್ತಿತ್ತು, ದಿನಾ ಸಂಜೆ ನಿಮಗೋಸ್ಕರ ಹೆದರ್ತಿದ್ರು. ದೀಪ ಅಂದಿದ್ರೆ, ಎಲ್ಲರೆದುರು ನಾಚ್ಕೋತಿದ್ರು."

"ನನಗಾದ್ರೂ ಹೇಳಬಾರದಿತ್ತಾ?"

"ತಪ್ಪಾಯ್ತು. ಇನ್ಮೇಲೆ ಏನಿದ್ರೂ ಮೊದ್ಲು ನಿಮಗೇ. ಈಗ ಒಂದು ಹೇಳ್ಲಾ?"

"ಹೇಳಿ."

"ನೀವಿಲ್ದೆ ನನಗಾಗಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇಷ್ಟು ಹೇಳಕ್ಕೆ ಇಷ್ಟು ದಿನ ಬೇಕಾಯ್ತಾ?"

ಶ್ರಾವಣದಲ್ಲಿ, ಒಂದು ಭಾನುವಾರ ಮದುವೆಯಾಯಿತು. ಮರುದಿನ, ಸೋಮವಾರ, ಅಜ್ಜಿಯ ಕಾಲಿಗೆ ಬಿದ್ದು ಸುಷ್ಮಾ ಯಾದವಗಿರಿಯ ಗಂಡನ ಮನೆಗೆ ಹೊರಟಳು.